ಹೂಂಗುಟ್ಟುವ ಹೊತ್ತು

ಸಂಜೆ ಏಳರ ವಾರ್ತೆ ಓದುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಏಳರಕ್ಕ ಎಂದೇ ಕರೆಯುತ್ತಿದ್ದರು. ತರಕಾರಿ ಅಂಗಡಿಯವನು ಚಿಲ್ಲರೆ ಕೊಡುವಾಗ, "ಏಳರಕ್ಕಾ, ಇವತ್ತಾದ್ರೂ ಒಳ್ಳೇ ಸುದ್ದಿ ಓದಿ, ನಿನ್ನೇದು ಕೇಳಿ ನನ್ನ ಹೆಂಡ್ತಿ ಊಟಾನೇ ಬಿಟ್ಲು" ಎನ್ನುತ್ತಿದ್ದ. ಅವಳು ನಗುತ್ತಿದ್ದಳು. ಆ ನಗುವಿನ ಹಿಂದೆ ಬೂದಿ ಮುಚ್ಚಿದ ಕೆಂಡವೊಂದು ಇದೆಯೆಂದು ಅವಳ ತಾಯಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ತನ್ನ ನಾಡಿನಲ್ಲಿ ಅವಳು ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವಳು. ಅಲ್ಲಿ ಬಾಳುವುದು ಕಷ್ಟವಾದಾಗ ತಾಯಿಯ ಕೈ ಹಿಡಿದು ಗಡಿ ದಾಟಿ ಬಂದಳು. ತಾಯಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅದರ ಮೇಲಿನ ಕೋಣೆಯೇ ಮನೆ. ನೆಲದ ಹಲಗೆಯ ಸಂದಿನಿಂದ ಆವಿ ಮೇಲೆ ಬರುತ್ತಿತ್ತು, ಕನ್ನಡಿ ಯಾವಾಗಲೂ ಮಂಜು. ಅದೇ ಕೋಣೆಯಲ್ಲಿ ಹಳೆಯ ಟೀವಿಯ ಮುಂದೆ ಕೂತು, ವಾರ್ತೆ ಓದುವವರು ಬಾಯಿ ಹೇಗೆ ತೆರೆಯುತ್ತಾರೆ, ಎಲ್ಲಿ ಉಸಿರು ಬಿಡುತ್ತಾರೆ ಎಂದು ನೋಡಿ ನೋಡಿ ಅವಳು ಈ ನಾಡಿನ ಭಾಷೆ ಕಲಿತಳು. ಟೀವಿ ಕಚೇರಿಯಲ್ಲಿ ಮೊದಲು ಸಿಕ್ಕ ಕೆಲಸ, ಪರದೇಶದವರ ಮಾತನ್ನು ಅನುವಾದಿಸಿ ತೆರೆಯ ಕೆಳಗೆ ಸಾಲಾಗಿ ಕೂರಿಸುವುದು. ಅದನ್ನು ಶ್ರದ್ಧೆಯಿಂದ ಮಾಡಿದಳು. ಆಮೇಲೆ ಸಣ್ಣಪುಟ್ಟ ವರದಿಗೆ ಕಳಿಸಿದರು.

ಆಗ ಅಲ್ಲಿನ ಸಂಪಾದಕನನ್ನು ಎದುರಿಗೆ ಎಲ್ಲರೂ ಸರ್ ಎನ್ನುತ್ತಿದ್ದರು, ಬೆನ್ನ ಹಿಂದೆ ಕತ್ತರಿ. ಯಾರು ಏನೇ ತಂದರೂ ಅರ್ಧ ಕತ್ತರಿಸದೆ ಅವನಿಗೆ ಸಮಾಧಾನವಿರಲಿಲ್ಲ. ಕೆಲಸ ಬಲ್ಲವನು, ಅದರಲ್ಲಿ ಎರಡು ಮಾತಿಲ್ಲ. ಹೂಂಗುಟ್ಟುವುದನ್ನು ಅವಳಿಗೆ ಕಲಿಸಿದವನೂ ಅವನೇ.

ಹೂಂಗುಟ್ಟುವುದೆಂದರೆ ಇಷ್ಟು. ಒಂದೇ ಕ್ಯಾಮೆರಾ ಹೊತ್ತು ಹೋದಾಗ ಮಾತಾಡುವವರ ಮುಖವನ್ನಷ್ಟೇ ಹಿಡಿಯಬಹುದು. ಮಾತೆಲ್ಲ ಮುಗಿದ ಮೇಲೆ ಕ್ಯಾಮೆರಾವನ್ನು ಪ್ರಶ್ನೆ ಕೇಳಿದವರ ಕಡೆ ತಿರುಗಿಸುತ್ತಾರೆ. ಕೇಳಿದ ಪ್ರಶ್ನೆಗಳನ್ನೇ ಮತ್ತೊಮ್ಮೆ ಕೇಳಬೇಕು, ಆಮೇಲೆ ಕೇಳಿಸಿಕೊಳ್ಳುತ್ತಿರುವವರ ಹಾಗೆ ತಲೆಯಾಡಿಸಬೇಕು. ಎರಡನ್ನೂ ಹೊಲಿದರೆ ಎದುರುಬದುರು ಕೂತು ಮಾತಾಡಿದಂತೆ ಕಾಣುತ್ತದೆ. ತಲೆಯಾಡಿಸಲು ಏನಾದರೂ ಕಿವಿಗೆ ಬೀಳುತ್ತಿರಬೇಕಲ್ಲ, ಅದಕ್ಕೆ ಅತಿಥಿಯನ್ನು ಏನಾದರೂ ಮಾತಾಡುತ್ತಿರಲು ಹೇಳುತ್ತಾರೆ. ಕೆಲವರು ಮಗ್ಗಿ ಹೇಳುತ್ತಾರೆ, ಕೆಲವರು ಮಂಡಿನೋವಿನ ಕತೆ ಹೇಳುತ್ತಾರೆ. ಆ ಮಾತನ್ನು ಯಾರೂ ಬಳಸುವುದಿಲ್ಲ.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಆವಿಯ ಕೊಳವೆ ಒಡೆದು ಒಬ್ಬ ಕೂಲಿಯಾಳು ಸತ್ತ. ಕುಡಿದು ಬಿದ್ದ ಎಂದರು ಕಾರ್ಖಾನೆಯವರು. ಅವನ ಹೆಂಡತಿಯೂ ಅಲ್ಲೇ ಕೆಲಸದವಳು, ಗಡಿಯಾಚೆಯಿಂದಲೇ ಬಂದವಳು. ಉಗುರಿನ ಸಂದಿಯ ನೀಲಿ ಎಷ್ಟು ತಿಕ್ಕಿದರೂ ಹೋಗದವಳು. ಊರಿನ ವರದಿಗಾರರೆಲ್ಲ ಅವಳ ಬಾಗಿಲು ತಟ್ಟಿ ವಾಪಸಾಗಿದ್ದರು. ಇವಳು ಹೋಗಿ ಏನೂ ಕೇಳದೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಆ ಹೆಂಗಸು ಹೇಳಿದಳು: "ಬೇರೆ ಯಾರಿಗೂ ಹೇಳಲ್ಲ, ನಿನಗೆ ಹೇಳ್ತೀನಿ. ಆದ್ರೆ ಕೇಳಿದೋಳು ನೀನೇ ಅಂತ ಟೀವೀಲಿ ಕಾಣ್ಬೇಕು. ನಮ್ಮೋರ ಮಾತನ್ನ ನಮ್ಮೋಳೇ ಕೇಳಿದ್ಲು ಅಂತ ಗೊತ್ತಾದ್ರೆ ಮಿಕ್ಕ ಹೆಂಗಸರೂ ಬಾಯಿ ಬಿಡ್ತಾರೆ."

"ನನ್ನ ಮುಖಾನೇ ಇರುತ್ತೆ ಅಕ್ಕಾ, ದೇವರಾಣೆ" ಎಂದಳು ಇವಳು.

ಕತ್ತರಿ ಅದನ್ನು ನೋಡಿ ಮೊದಲು ಭೇಷ್ ಎಂದ. ಆಮೇಲೆ ಕುರ್ಚಿ ತಿರುಗಿಸಿಕೊಂಡು, "ನೋಡಮ್ಮ, ನೀನು ಗಡಿ ದಾಟಿದ್ದೀಯ, ನಿನ್ನ ನಾಲಿಗೆ ಇನ್ನೂ ದಾಟಿಲ್ಲ. ಜನ ಚಾನೆಲ್ ಬದಲಾಯಿಸ್ತಾರೆ" ಎಂದ. ಸಂಸ್ಥೆಯ ಸುಂದರ ನಿರೂಪಕಿಯನ್ನು ಕರೆಸಿ, ಆ ಹೆಂಗಸಿನ ಮನೆಯ ಗೋಡೆಗೆ ಹೋಲುವ ಮಾಸಲು ಹಸಿರು ಗೋಡೆ ಹುಡುಕಿ, ಅದರ ಮುಂದೆ ಕೂರಿಸಿ, ಇವಳ ಪ್ರಶ್ನೆಗಳನ್ನೆಲ್ಲ ಅವಳಿಂದ ಕೇಳಿಸಿದ. ಅವಳು ಕಣ್ಣು ತುಂಬಿಕೊಂಡು ತಲೆಯಾಡಿಸಿದಳು. ಹೊಲಿಗೆ ಎಲ್ಲೂ ಕಾಣಲಿಲ್ಲ. ಕಾರ್ಯಕ್ರಮಕ್ಕೆ ಪ್ರಶಸ್ತಿ ಬಂತು. ಇವಳು ಕಾರ್ಖಾನೆಯ ಕೇರಿಗೆ ಓಡಿಹೋದಾಗ ಆ ಹೆಂಗಸು ಬಾಗಿಲಲ್ಲೇ ನಿಂತು, "ನನ್ನ ಗಂಡನ ಸಾವನ್ನ ಎಷ್ಟಕ್ಕೆ ಮಾರಿದೆ ತಾಯಿ?" ಎಂದು ಕೇಳಿ ಕದ ಹಾಕಿಕೊಂಡಳು. ಮಿಕ್ಕ ಹೆಂಗಸರೂ ಕದ ಹಾಕಿಕೊಂಡರು. ಕುಡಿದು ಬಿದ್ದ ಎಂಬ ಮಾತೇ ಉಳಿಯಿತು.

ಹಾವಿನ ಹಗೆ ಹನ್ನೆರಡು ವರ್ಷ ಎನ್ನುತ್ತಾರೆ. ಇವಳದು ಅದಕ್ಕೂ ಉದ್ದವಾಯಿತು. ಕತ್ತರಿ ಇನ್ನೂ ದೊಡ್ಡ ಸಂಸ್ಥೆಗೆ ಹೋದ. ಇವಳು ಹವಾಮಾನ ಹೇಳಿದಳು, ಬೆಳಗಿನ ಕಾರ್ಯಕ್ರಮದಲ್ಲಿ ಬೊಜ್ಜು ಕರಗಿಸುವವರೊಡನೆ ನಕ್ಕಳು, ಪ್ರವಾಹದ ನೀರಿನಲ್ಲಿ ಸೊಂಟದವರೆಗೆ ನಿಂತು ಮಾತಾಡಿದಳು. ಜನ ಚಾನೆಲ್ ಬದಲಾಯಿಸಲಿಲ್ಲ. ಕೊನೆಗೆ ಏಳರ ಕುರ್ಚಿ ಸಿಕ್ಕಿತು. ಸಿಕ್ಕ ದಿನ ತಾಯಿ, "ಸಾಕಲ್ವಾ ಮಗಳೇ? ಅವನು ಬೇಡ ಅಂದ ಜಾಗದಲ್ಲೇ ದೇವರು ಕೂರಿಸಿದ. ಇನ್ನು ಮರೆತುಬಿಡು" ಎಂದಳು.

"ಮರೀಬೇಕಾದೋಳು ನಾನಲ್ಲಮ್ಮ. ಆ ಅಕ್ಕ ಮರೀಲಿ, ಆಮೇಲೆ ನಾನು ಮರೀತೀನಿ."

"ಸೇಡು ತೀರಿಸೋದು ದೇವರ ಕೆಲಸ. ನಿನಗ್ಯಾಕೆ ಆ ಉಸಾಬರಿ?"

"ದೇವರಿಗೆ ಟೀವಿ ಕೆಲಸ ಬರಲ್ಲಮ್ಮ" ಎಂದಳು ಮಗಳು. ತಾಯಿ ಕೆನ್ನೆ ಬಡಿದುಕೊಂಡು ಒಳಗೆ ಹೋದಳು.

ಕತ್ತರಿ ನಿವೃತ್ತನಾದಾಗ, ಪತ್ರಕರ್ತರನ್ನು ತಯಾರು ಮಾಡುವ ಹೊಸ ಶಾಲೆಗೆ ಅವನ ಹೆಸರಿಡುವುದೆಂದು ತೀರ್ಮಾನವಾಯಿತು. ಅದಕ್ಕೆ ಮುಂಚೆ ಟೀವಿಯಲ್ಲಿ ಅವನ ಬದುಕಿನ ಬಗ್ಗೆ ಒಂದು ಸಂದರ್ಶನ. ಯಾರು ಮಾಡಬೇಕೆಂದು ಕೇಳಿದಾಗ ಅವನೇ ಇವಳ ಹೆಸರು ಹೇಳಿದನಂತೆ: "ಆ ಹುಡುಗೀನ ಕಳಿಸಿ. ನಾನು ಬೆಳೆಸಿದ ಕೂಸು ಅದು."

ಈ ಮಾತು ಕಿವಿಗೆ ಬಿದ್ದ ದಿನವೇ ಅವಳು ಕ್ಯಾಮೆರಾದವನ ಬಳಿ ಹೋದಳು. ತಲೆ ನರೆತವನು, ಬಣ್ಣದ ಕಾರ್ಖಾನೆಯ ಕೇರಿಗೆ ಅಂದು ಜೊತೆಗೆ ಬಂದಿದ್ದವನು.

"ಅಣ್ಣ, ಅವರ ಮನೇಲಿ ಹೂಂಗುಟ್ಟೋವಾಗ ಅವರ ಮೈಕು ಓಡ್ತಾನೇ ಇರ್ಲಿ."

ಅವನು ಅವಳ ಮುಖವನ್ನೇ ನೋಡಿದ. "ಯಾವಾಗ್ಲೂ ಓಡುತ್ತೆ ತಂಗಿ. ಆ ಮಾತನ್ನ ಯಾರೂ ಕೇಳಲ್ಲ ಅಷ್ಟೆ."

"ಈ ಸಲ ನಾನು ಕೇಳ್ತೀನಿ."

ಕತ್ತರಿಯ ಮನೆಯ ಮುಂದಿನ ಕೋಣೆಯಲ್ಲಿ ಪ್ರಶಸ್ತಿಗಳನ್ನಿಡಲೆಂದೇ ಗಾಜಿನ ಬೀರು ಇತ್ತು. ಬೆಳಕು ಅದರ ಮೇಲೆ ಬಿದ್ದು ಕ್ಯಾಮೆರಾಕ್ಕೆ ಕುಕ್ಕುತ್ತಿತ್ತು, ಪರದೆ ಎಳೆದರು. ಅವನು ಕೋಟಿನ ಅಂಚಿಗೆ ಮೈಕನ್ನು ತಾನೇ ಸಿಕ್ಕಿಸಿಕೊಂಡ. ಪ್ರಶ್ನೆಗೆ ತಕ್ಕ ಉತ್ತರ, ಉತ್ತರಕ್ಕೆ ತಕ್ಕ ನಗು. ಬಣ್ಣದ ಕಾರ್ಖಾನೆಯ ಮಾತು ಬಂದಾಗ ದನಿ ತಗ್ಗಿಸಿ, "ಆ ಹೆಂಗಸಿನ ಮನೇಲಿ ನಮ್ಮ ನಿರೂಪಕಿ ಇಡೀ ದಿನ ಮೌನವಾಗಿ ಕೂತಿದ್ದಳು. ಕೇಳಿಸಿಕೊಳ್ಳೋದೇ ನಮ್ಮ ಧರ್ಮ, ಅದನ್ನೇ ನಾನು ಎಲ್ಲರಿಗೂ ಕಲಿಸಿದ್ದು" ಎಂದ. ಏಳರಕ್ಕ ಮಡಿಲಿನಲ್ಲಿದ್ದ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು. ಮುಖ ಮಾತ್ರ ಏಳು ಗಂಟೆಯದೇ.

ಸಂದರ್ಶನ ಮುಗಿಯಿತು. ಕ್ಯಾಮೆರಾ ಅವಳ ಕಡೆ ತಿರುಗಿತು. ಅವನು ಕುರ್ಚಿಯಲ್ಲಿ ಸಡಿಲವಾಗಿ ಒರಗಿ, "ಹೂಂ, ಹೂಂಗುಟ್ಟು. ಏನು ಹೇಳ್ಲಿ, ಮಗ್ಗಿನಾ?" ಎಂದು ನಕ್ಕ.

"ಮಗ್ಗಿ ಬೇಡ ಸರ್. ಕಾರ್ಖಾನೆ ಹೆಂಗಸಿನ ಮನೇಲಿ ಕೂತೋಳು ಯಾರು, ನೆನಪಿದೆಯಾ?"

ಬದುಕೆಲ್ಲ ಇದೇ ಕೆಲಸ ಮಾಡಿದವನು. ಕ್ಯಾಮೆರಾ ಬೆನ್ನು ತೋರಿಸಿದ ಮೇಲೆ ಆಡಿದ ಮಾತು ಗಾಳಿಗೆ ಹೋಗುತ್ತದೆಂಬುದು ಅವನಿಗೆ ರಕ್ತದಲ್ಲೇ ಇತ್ತು. ಬೇರೆ ಯಾರೇ ಆಗಿದ್ದರೂ ಎದೆಯ ಮೇಲಿನ ಮೈಕನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದರೇನೋ.

"ನೆನಪಿಲ್ದೆ ಏನು? ನೀನೇ ಕೂತಿದ್ದೆ" ಎಂದ ಅವನು. ಅವಳು ತಲೆಯಾಡಿಸಿದಳು. "ಒಳ್ಳೇ ಕೆಲಸಾನೇ ಮಾಡಿದ್ದೆ. ಆದ್ರೆ ನಿನ್ನ ಆ ಮುಖ, ಆ ಮಾತು... ವಲಸೆ ಬಂದೋಳ ಗೋಳನ್ನ ಇನ್ನೊಬ್ಬ ವಲಸೆಯೋಳು ಕೇಳಿದ್ರೆ ಯಾರಿಗಮ್ಮ ಬೇಕು? ಚಂದದ ಮುಖ ಕೂರಿಸಿದೆ, ಪ್ರಶಸ್ತಿ ಬಂತು." ಅವಳು ತಲೆಯಾಡಿಸಿದಳು. "ಕಾರ್ಖಾನೆಯೋನು ಆಮೇಲೆ ಜಾಹೀರಾತೂ ಕೊಟ್ಟ. ಅವನು ಬೇಡ ಅಂದ ಎರಡು ವಾಕ್ಯ ಕತ್ತರಿಸಿದ್ದೆ ಅಷ್ಟೆ. ಕೊಳವೆ ಮೊದಲೇ ಸೋರ್ತಿತ್ತು ಅಂತ ಅವಳು ಅಂದಿದ್ಲಲ್ಲ, ಅದು." ಅವಳ ತಲೆ ಒಂದು ಕ್ಷಣ ನಿಂತು, ಮತ್ತೆ ನಿಧಾನವಾಗಿ ಆಡಿತು. ಆ ಎರಡು ವಾಕ್ಯ ಹೋದದ್ದು ಅವಳಿಗೆ ಗೊತ್ತಿತ್ತು. ಯಾರಿಗಾಗಿ ಹೋಯಿತೆಂದು ಗೊತ್ತಿರಲಿಲ್ಲ. ಬಾಯಾರಿದವಳು ನೀರು ಕುಡಿದ ಹಾಗೆ ಅವಳು ಆ ಮಾತನ್ನು ಕುಡಿದಳು.

ಈಗಿನ ಸಂಪಾದಕಿ ವಯಸ್ಸಿನಲ್ಲಿ ಚಿಕ್ಕವಳು. ಇನ್ನೂ ಹೊಲಿಯದ ಕಚ್ಚಾ ಚಿತ್ರಣವನ್ನು ನೋಡಿ ಬೆವೆತಳು. ತೆರೆಯ ಮೇಲೆ ಏಳರಕ್ಕನ ಮುಖ ಒಂದೇ, ಹೂಂಗುಟ್ಟುತ್ತಿದೆ. ಕೇಳಿಸುತ್ತಿರುವುದು ಕತ್ತರಿಯ ದನಿ.

"ಇದು ಮೋಸ ಅಲ್ವಾ ಅಕ್ಕಾ?"

"ಮೋಸಾನೇ."

"ಇನ್ಮೇಲೆ ಯಾವ ಅತಿಥೀನೂ ನಿಮ್ಮನ್ನ ನಂಬಲ್ಲ."

"ನಂಬದೆ ಇರ್ಲಿ. ನನ್ನನ್ನ ನಂಬಿದೋಳು ಒಬ್ಬಳಿದ್ಲು, ಅವಳು ಕದ ಹಾಕ್ಕೊಂಡು ಯಾವ ಕಾಲ ಆಯ್ತು."

ಸಂಪಾದಕಿ ಬಹಳ ಯೋಚಿಸಿ, "ಆ ಹೆಂಗಸು ಒಪ್ಪಿದ್ರೆ ಹಾಕೋಣ" ಎಂದಳು.

ಕಾರ್ಖಾನೆಯ ಕೇರಿ ಹಾಗೇ ಇತ್ತು, ಮೋರಿಯಲ್ಲಿ ಅಂದಂದಿನ ಬಣ್ಣ ಹರಿಯುತ್ತಿತ್ತು. ಈ ಸಲ ಆ ಹೆಂಗಸು ಕದ ಹಾಕಲಿಲ್ಲ. ಮುದುಕಿಯಾಗಿದ್ದಳು. ಏಳರಕ್ಕ ತಂದ ದನಿಯನ್ನು ಕೊನೆಯವರೆಗೂ ಕೇಳಿದಳು. ಸೋರುತ್ತಿದ್ದ ಕೊಳವೆಯ ಮಾತು ಬಂದಾಗ ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ನಿನಗೋಸ್ಕರ ಇದನ್ನ ಹಾಕ್ಬೇಕು ಅಂತಿದ್ದೀನಿ ಅಕ್ಕಾ."

"ಸುಳ್ಳು ಹೇಳ್ಬೇಡ" ಎಂದಳು ಮುದುಕಿ, ಸಿಟ್ಟಿಲ್ಲದೆ. "ನನಗೋಸ್ಕರ ಆಗಿದ್ರೆ ಆವತ್ತೇ ನೀನು ಕೆಲಸ ಬಿಟ್ಟು ಬೀದೀಲಿ ನಿಂತು ಕೂಗ್ತಿದ್ದೆ. ಈಗ ಹಾಕೋದು ನಿನಗೋಸ್ಕರ. ಅದೇನೂ ತಪ್ಪಲ್ಲ. ಅವನ ಹೊಟ್ಟೆ ಉರೀಲಿ, ನನಗೂ ಸಂತೋಷಾನೇ. ಆದ್ರೆ ನನ್ನ ಫೋಟೋ ಬೇಡ. ಕೊಳವೆ ಮಾತು ಮಾತ್ರ ಬಿಡ್ಬೇಡ. ನನ್ನ ಗಂಡ ಕುಡೀತಿರಲಿಲ್ಲ."

ಏಳರಕ್ಕ ತಲೆಯಾಡಿಸಿದಳು. ಇಷ್ಟು ವರ್ಷ ಆ ಹಗೆಯನ್ನು ಇನ್ನೊಬ್ಬಳ ಹೆಸರಿನಲ್ಲಿ ಸಾಕಿದ್ದಳು. ಈಗ ಅದು ತನ್ನದೇ ಎಂದು ತಿಳಿದ ಮೇಲೂ ಅದರ ಕಾವು ತಗ್ಗಲಿಲ್ಲ. ಇನ್ನೂ ಹಗುರಾಗಿ ಕೈಗೆ ಬಂತು, ಹಿಡಿ ಹಾಕಿದ ಕುಡುಗೋಲಿನ ಹಾಗೆ.

ಕಾರ್ಯಕ್ರಮ ಪ್ರಸಾರವಾಯಿತು. ಮೊದಲು ಕೇಳಿಸಿಕೊಳ್ಳುವ ಧರ್ಮದ ಬಗ್ಗೆ ಅವನ ಮಾತು, ಅವನ ಮುಖ. ಆಮೇಲೆ ಅವಳ ಮುಖ, ಅವನ ದನಿ. ಒಂದು ಮಾತನ್ನೂ ಅವಳು ಸೇರಿಸಲಿಲ್ಲ, ಒಂದನ್ನೂ ಕತ್ತರಿಸಲಿಲ್ಲ. ಶಾಲೆಯ ಫಲಕ ಬರೆಯುತ್ತಿದ್ದವನಿಗೆ ಕುಂಚ ಕೆಳಗಿಡಲು ಹೇಳಿದರು. ಕಾರ್ಖಾನೆಯ ಬಾಗಿಲಿಗೆ ಹೆಂಗಸರು ಬಂದು ನಿಂತರು, ಮುದುಕಿ ಮುಂದೆ. ಸಂಪಾದಕಿ ಹೇಳಿದ್ದೂ ನಿಜವಾಯಿತು: ಮುಂದಿನ ವಾರ ಸಂದರ್ಶನಕ್ಕೆ ಬಂದ ಮಂತ್ರಿ, ಕ್ಯಾಮೆರಾ ತಿರುಗಿದ ಕೂಡಲೇ ಮೈಕು ಬಿಚ್ಚಿ ಮೇಜಿನ ಮೇಲಿಟ್ಟು ತುಟಿ ಬಿಗಿದು ಕೂತ. ಅವಳು ಆ ಮುಚ್ಚಿದ ಬಾಯಿಗೇ ಹೂಂಗುಟ್ಟಬೇಕಾಯಿತು.

ಒಂದು ಭಾನುವಾರ ಬೆಳಗ್ಗೆ ಕತ್ತರಿಯ ಫೋನು ಬಂತು. ದನಿ ಕುಗ್ಗಿತ್ತು.

"ಒಂದು ಮಾತು ಹೇಳಿಬಿಡಮ್ಮ. ನಾನು ತಮಾಷೆಗೆ ಅಂದಿದ್ದು ಅಂತ. ನಿನ್ನ ಬಾಯಿಂದ ಬಂದ್ರೆ ಜನ ನಂಬ್ತಾರೆ."

"ನೀವು ತಮಾಷೆಗೆ ಅಂದ್ರಾ ಸರ್?"

ಅವಳು ಕಾದಳು. ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು.

"ನನ್ನ ಹೆಂಡ್ತಿ ನನ್ನ ಜೊತೆ ಮಾತಾಡ್ತಿಲ್ಲ" ಎಂದ ಕೊನೆಗೆ.

"ಹಾಗಾ ಸರ್" ಎಂದು ಅವಳು ಫೋನು ಇಟ್ಟಳು.

ತಾಯಿ ಪ್ರಾರ್ಥನೆಗೆ ಕೂತಿದ್ದವಳು ಕಣ್ಣು ತೆರೆದು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಪಾಪ, ವಯಸ್ಸಾಗಿದೆ. ಅವನಿಗೋಸ್ಕರಾನೂ ದೇವರಲ್ಲಿ ಒಂದು ಮಾತು ಬೇಡಿಕೊಳ್ಳಲಾ?"

"ಬೇಡ್ಕೋಮ್ಮ" ಎಂದಳು ಮಗಳು, ಕೂದಲು ಬಾಚಿಕೊಳ್ಳುತ್ತ. "ನನ್ನ ಕಡೆಯಿಂದ ಅಂತ ಮಾತ್ರ ಹೇಳ್ಬೇಡ."