ಕಣದಿಂದ ಎದ್ದ ವಿಮಾನ

ನನ್ನ ಮೊಮ್ಮಗಳು ವಿಮಾನದ ಮೇಲೆ ಕಾದಂಬರಿ ಬರೆದಿದ್ದಾಳೆ. ಈ ಮಾತನ್ನು ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ನಮ್ಮೂರು ಗೋಗಿಯಿಂದ ಶಹಾಪುರಕ್ಕೆ ಹೋಗುವ ಆಟೋದಲ್ಲಿ ಹೇಳಿದೆ, ಗುರುತಿಲ್ಲದವರನ್ನೂ ನಿಲ್ಲಿಸಿ ಹೇಳಿದೆ. ಎಷ್ಟು ಹೇಳಿದರೂ ತೃಪ್ತಿಯಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ.

ಅವಳದು ಶಹಾಪುರದಲ್ಲಿ ಹೊಲಿಗೆ ಅಂಗಡಿ. ಒಂದು ದಿನ ಮೊಬೈಲಿನಲ್ಲಿ ಹಳೇ ಕಾಲದ ವಿಮಾನದ ಚಿತ್ರ ತೋರಿಸಿದಳು. ಒಂದರ ಮೇಲೊಂದು ಎರಡು ರೆಕ್ಕೆ. ತಗಡಿನವಲ್ಲ, ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ಬಟ್ಟೆಯವು. ಇನ್ನೊಂದು ಚಿತ್ರದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಆ ಬಟ್ಟೆಯನ್ನು ಸೂಜಿ ದಾರ ಹಿಡಿದು ಹೊಲಿಯುತ್ತಿದ್ದರು. ನಾವು ಕೌದಿ ಹೊಲಿಯುತ್ತೇವಲ್ಲ, ಥೇಟ್ ಹಾಗೆಯೇ. ಅಂಥ ಹೊಲಿಗೆಯನ್ನು ನಂಬಿ ಮನುಷ್ಯ ಮೋಡದೊಳಗೆ ಹೋಗಿ ಬಂದನೇ ಎಂದು ನನಗೆ ಫೋನು ಕೆಳಗಿಡಲು ಮನಸ್ಸೇ ಆಗಲಿಲ್ಲ. ಅವಳಿಗೂ ಅದೇ ಗುಂಗು ಹಿಡಿಯಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಷೀನಿನ ಮುಂದೆಯೇ ಕೂತು, ಫೋನಿನ ಮೇಲೆ ಹೆಬ್ಬೆರಳಾಡಿಸಿ ಇಡೀ ಪುಸ್ತಕ ಬರೆದಳು.

ಕಥೆ ನಿಜಾಮನ ಕಾಲದ್ದು. ಹೈದರಾಬಾದಿನಿಂದ ಟಪಾಲು ಹೊತ್ತು ಮುಂಬೈಗೆ ಹೊರಟ ವಿಮಾನ ಇಂಜಿನು ಕೆಟ್ಟು ನಮ್ಮ ಕಡೆಯ ಎರೆಹೊಲದಲ್ಲಿ ಇಳಿಯುತ್ತದೆ. ಅದನ್ನು ಹಾರಿಸುವವನು ಹೇಗೋ ಇಂಜಿನು ರಿಪೇರಿ ಮಾಡಿಕೊಳ್ಳುತ್ತಾನೆ. ಆದರೆ ಎರೆನೆಲದ ತುಂಬ ಕಾಲು ಸಿಕ್ಕಿಬೀಳುವಂಥ ಬಿರುಕು. ವಿಮಾನ ಓಡಿ ಮೇಲೇಳಲು ಗಟ್ಟಿ ನೆಲ ಬೇಕು. ಆಗ ಊರಿನವರು ಸೇರಿ, ನೀರು ಹೊಡೆದು, ಎತ್ತು ತುಳಿಸಿ, ಸಗಣಿ ಬಳಿದು, ಜೋಳದ ರಾಶಿಗೆ ಮಾಡುವ ಕಣವನ್ನೇ ಹೊಲದುದ್ದಕ್ಕೂ ಮಾಡಿಕೊಡುತ್ತಾರೆ. ಮದುವೆಯಾಗಿ ಬಂದಾಗಿನಿಂದ ಪ್ರತಿ ಸುಗ್ಗಿಗೂ ಕಣ ಬಳಿದವಳು ನಾನು. ಅದರ ಮೇಲಿಂದ ವಿಮಾನ ಎದ್ದೀತು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಪ್ರಕಾಶಕರು ಯಾರೂ ಒಪ್ಪಲಿಲ್ಲ. ತಾನೇ ಅಚ್ಚು ಹಾಕಿಸುತ್ತೇನೆ ಅಂದಳು. ಯಾದಗಿರಿಯ ಪ್ರೆಸ್ಸಿನವರು, ನೋಡಿ ಒಪ್ಪಿಗೆ ಹೇಳಲಿ ಎಂದು ಒಂದೇ ಒಂದು ಪ್ರತಿ ಮಾಡಿಕೊಟ್ಟರು. ಅದು ಕೈಗೆ ಬಂದಿದ್ದೇ ಅವಳಿಗೆ ಅಂಜಿಕೆ ಹತ್ತಿತು.

"ಆಯಿ, ನಾ ಕಣ ಮಾಡಿದಾಕಿ ಅಲ್ಲ, ವಿಮಾನ ಹತ್ತಿದಾಕೀನೂ ಅಲ್ಲ. ನಮ್ಮ ಮಂದೀನ ಇದು ಸುಳ್ಳು ಅಂದ್ರ ಅಚ್ಚು ಹಾಕ್ಸಂಗಿಲ್ಲ ನೋಡು," ಅಂದಳು.

ಶ್ರಾವಣ ನಡೆದಿತ್ತು. ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಪುರಾಣ ಹಚ್ಚುತ್ತಾರೆ. ನಮ್ಮ ಮಂದಿ ಪುರಾಣವನ್ನು ಸುಮ್ಮನೆ ಕೇಳುವವರಲ್ಲ. ಕಥೆಯಲ್ಲಿ ಕೂಸು ಹುಟ್ಟಿದರೆ ಮಠದಲ್ಲೇ ತೊಟ್ಟಿಲು ಕಟ್ಟಿ, ಜೋಗುಳ ಹಾಡಿ, ಹೆಸರಿಟ್ಟೇ ಮುಂದೆ ಓದಲು ಬಿಡುತ್ತಾರೆ. ಅವರ ಮುಂದೆಯೇ ಓದು ಎಂದೆ. ಪುರಾಣ ಹೇಳುವವರನ್ನು ಕೇಳಿಕೊಂಡು ಒಂದು ಸಂಜೆ ಅವಳನ್ನು ಕೂರಿಸಿದೆವು. ನಾನು ಮಗ್ಗುಲಲ್ಲಿ ಕೂತು, ಮೂರನೇ ಇಯತ್ತೆಯ ನನ್ನ ಓದಿನಲ್ಲಿ, ಅವಳ ದನಿಯ ಹಿಂದೆ ಸಾಲಿನ ಮೇಲೆ ಬೆರಳು ಸರಿಸುತ್ತಿದ್ದೆ.

ಕಥೆಯಲ್ಲಿ ಕಣ ಸಿದ್ಧವಾಯಿತು. ಹಾರಿಸುವವನು ಟಪಾಲಿನ ಚೀಲ ಹೆಗಲಿಗೇರಿಸಿ, ಬೂಟು ಸಪ್ಪಳ ಮಾಡುತ್ತ ಕಣದ ಮೇಲೆ ನಡೆದು ಬಂದ.

ಮುಂದೆ ಕೂತಿದ್ದ ಮುತ್ಯಾ ಕೈ ಎತ್ತಿದ. ಊರಿಗೆಲ್ಲ ಹಿರಿಯ ಅವನು.

"ತಡಿಯವ್ವ. ಬೂಟು ಹಾಕ್ಕೊಂಡು ಕಣಾ ತುಳದ್ನೇನು? ರಾಶಿ ಮಾಡೋ ಜಾಗಾ ಅದು. ಊರ ಮಂದಿ ನೋಡ್ಕೋತ ನಿಂತಿತ್ತೇನು? ಹಂಗಾದ್ರ ಇದು ನಮ್ಮ ಕಡಿ ಕಣ ಅಲ್ಲ ಬಿಡು."

ಹೆಂಗಸರೂ ಹೌದೌದು ಎಂದರು. ಕಣಕ್ಕೆ ಕಾಲಿಡುವ ಮುಂಚೆ ಚಪ್ಪಲಿ ಬಿಡುವುದು ಮೂರು ವರ್ಷದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು, ಆದರೆ ವಿಮಾನದ ಗುಂಗಿನಲ್ಲಿ ಹೊಳೆದಿರಲಿಲ್ಲ. ಅವಳ ಮುಖ ಸಣ್ಣದಾಯಿತು. ಪುಸ್ತಕ ಮುಚ್ಚಿಯೇ ಬಿಡುತ್ತಾಳೆ, ಮುಗಿಯಿತು, ಅಂದುಕೊಂಡೆ.

ಮುಚ್ಚಲಿಲ್ಲ. ಹಾಳೆಯ ಮೇಲೆ ಕಣ್ಣಿಟ್ಟೇ ಮುಂದೆ ಓದಿದಳು:

"ಎರಡು ಹೆಜ್ಜೆ ಇಟ್ಟವನು ನಿಂತ. ಕಣದ ಅಂಚಿನಲ್ಲಿ ಊರಿನವರೆಲ್ಲ ಬಿಟ್ಟಿದ್ದ ಚಪ್ಪಲಿ ಕಂಡವು. ಯಾರೂ ಬೈಯಲಿಲ್ಲ, ಯಾರೂ ನಗಲಿಲ್ಲ. ಅವನು ಹಿಂದಕ್ಕೆ ಹೋಗಿ, ಬೂಟು ಬಿಚ್ಚಿ, ಎರಡರ ಲಾಡಿ ಸೇರಿಸಿ ಗಂಟು ಹಾಕಿ ಕೊರಳಿಗೆ ಹಾಕಿಕೊಂಡ. ಬರಿಗಾಲಲ್ಲಿ ಬಂದ. ಬಳಿದ ನೆಲ ಅಂಗಾಲಿಗೆ ತಣ್ಣಗಿತ್ತು."

ನನ್ನ ಬೆರಳು ನಿಂತುಬಿಟ್ಟಿತು. ಆ ಸಾಲು ಹಾಳೆಯ ಮೇಲೆ ಎಲ್ಲೂ ಇರಲಿಲ್ಲ. ಮೇಲೆ ಹುಡುಕಿದೆ, ಕೆಳಗೆ ಹುಡುಕಿದೆ. ನಾನು ನೋಡನೋಡುತ್ತ, ಇಲ್ಲದ ಜಾಗದಿಂದ ಒಬ್ಬ ಮನುಷ್ಯ ಬರಿಗಾಲಲ್ಲಿ ನಡೆದು ಬಂದಿದ್ದ. ಬರೆಯುವುದು ಅಂದರೆ ಇದೇ ಇರಬೇಕು. ಕೂಸು ಹುಟ್ಟುವುದನ್ನು ಕಂಡಿದ್ದೇನೆ, ಬೀಜ ಮೊಳೆಯುವುದನ್ನು ಕಂಡಿದ್ದೇನೆ, ಇದನ್ನು ಎಂದೂ ಕಂಡಿರಲಿಲ್ಲ.

"ಹಾಂ," ಅಂದ ಮುತ್ಯಾ. "ಈಗ ಹಾರಸವ್ವ."

ಹಾರಿಸಿದಳು. ಗಾಲಿ ನೆಲ ಬಿಟ್ಟಿತು ಎಂದು ಓದಿದಾಗ ಹಿಂದಿನಿಂದ ಯಾರೋ ಹಿಡಿ ಜೋಳ ಎರಚಿದರು, ಅಕ್ಷತೆ ಹಾಕಿದಂತೆ. ಕೆಲವರು ಕತ್ತೆತ್ತಿ ಮಠದ ಮಾಳಿಗೆಯನ್ನೇ ನೋಡುತ್ತಿದ್ದರು.

ಆಮೇಲೆ ಹೊರಗಿನ ಕಟ್ಟೆಯ ಮೇಲೆ ಅವಳನ್ನು ಹಿಡಿದು ಕೇಳಿದೆ, ಆ ಸಾಲು ಎಲ್ಲಿಂದ ಬಂತು ಎಂದು.

"ಗೊತ್ತಿಲ್ಲ ಆಯಿ. ಮುತ್ಯಾ ಅನ್ನೂತ್ಲೆ ಹಾರ್ಸಾವನ ಬರೇ ಪಾದ ಕಂಡ್ವು," ಅಂದಳು. ಅವಳ ಕೂದಲಲ್ಲಿ ಇನ್ನೂ ಜೋಳದ ಕಾಳಿದ್ದವು. ಅಲ್ಲಿಂದಲೇ ಯಾದಗಿರಿಯ ಪ್ರೆಸ್ಸಿಗೆ ಫೋನು ಹಚ್ಚಿದಳು.

"ಅಣ್ಣಾರ, ಅಚ್ಚು ಹಾಕ್ರಿ. ಒಂದು ಪುಟ ತಿದ್ದಿ ಕಳಸ್ತೀನಿ, ಅದು ಮುಟ್ಟಿದ ಮ್ಯಾಲೆ ಸುರು ಮಾಡ್ರಿ."