ಅರಿವ್ಯಾಗ ಇರಿವಿ

ಶಾಲೆ ಶುರುವಾದ ಎರಡನೇ ದಿನವೇ ನಮ್ಮ ಸೃಷ್ಟಿ ಟೈ, ಬೆಲ್ಟು, ಸಾಕ್ಸು ಎಲ್ಲ ಬಿಚ್ಚಿ ಟೀಚರ್ ಟೇಬಲ್ ಮೇಲೆ ಸಾಲಾಗಿ ಜೋಡಿಸಿಟ್ಟಳಂತೆ. ಮೇಲೊಂದು ಮಾತು: "ಇವು ನನಗ ಬ್ಯಾಡ್ರಿ ಮೇಡಂ. ನೀವ ಇಟ್ಕೋರಿ."

ಎಂಥ ಕೊಡುಗೈ ದಾನಿ ನೋಡಿ! ಮೇಡಂ ಮಾತ್ರ ಖುಷಿಪಡಲಿಲ್ಲ. ಮನೆಗೆ ಫೋನ್ ಬಂತು.

ಸೃಷ್ಟಿ ನನ್ನ ಅಣ್ಣನ ಮಗಳು. ಒಂದನೇ ಕ್ಲಾಸು. ಇಳಕಲ್ಲಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ಅವಳ ತಲೆ ಬಾಚುವ ಖಾತೆ ಅವಳ ಅವ್ವನದು, ಅಂದರೆ ನಮ್ಮ ವೈನಿಯದು, ಬೂಟಿನ ಲೇಸು ಕಟ್ಟುವ ಖಾತೆ ಈ ಕಾಕಾನದು. ಯೂನಿಫಾರ್ಮ್ ಖಾತೆ ಮಾತ್ರ ಯಾರಿಗೂ ಬೇಡವಾಗಿತ್ತು. ಯಾಕೆಂದರೆ ಅಂಗಿ ಕೊರಳಿಗೆ ಇಳಿಯುತ್ತಿದ್ದಂತೆ ಹುಡುಗಿ ಕಿರುಚುತ್ತಿದ್ದಳು.

"ಕಾಕಾ, ಈ ಅರಿವ್ಯಾಗ ಇರಿವಿ ಅದಾವ!"

(ತುಂಗಭದ್ರೆಯ ಆಚೆ ದಡದ ಓದುಗರಿಗಾಗಿ: ನಮ್ಮ ಕಡೆ ಅರಿವಿ ಅಂದರೆ ಬಟ್ಟೆ, ಇರಿವಿ ಅಂದರೆ ಇರುವೆ. ಈ ಪಾಠ ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.)

ನಾನು ಅಂಗಿಯನ್ನು ಒಳಮುಖ ಹೊರಮುಖ ಮಾಡಿ ಅಂಗಳದಲ್ಲಿ ಝಾಡಿಸಿದೆ. ಒಂದು ಇರುವೆಯೂ ಉದುರಲಿಲ್ಲ. "ಇಲ್ಲಲ್ಲವಾ" ಅಂದರೆ "ಅದಾವ!" ಎಂದು ಕತ್ತು ಕೆರೆದುಕೊಂಡು ಅಳು. ಕತ್ತು ಕೆಂಪಗೆ. ಅಣ್ಣ ಹಟ ಅಂದ. ವೈನಿ ಪೌಡರ್ ಹಾಕಿದಳು. ನಾನು ಚಾಕೊಲೇಟ್ ತೋರಿಸಿದೆ. ನಮ್ಮವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಒಲೆಯಲ್ಲಿ ಮೆಣಸಿನಕಾಯಿ ಹಾಕಿ ಮನೆಮಂದಿಯೆಲ್ಲ ಕೆಮ್ಮಿದೆವೇ ಹೊರತು ಇರುವೆ ಹೋಗಲಿಲ್ಲ.

ಕೊನೆಗೆ ಬಾಗಲಕೋಟೆಯ ದವಾಖಾನೆಗೆ ಹೋದೆವು. ಮಕ್ಕಳ ಡಾಕ್ಟರ್ ಅವಳ ಜೊತೆ ಸಾಕಷ್ಟು ಹೊತ್ತು ಆಟವಾಡಿ, ನಮ್ಮ ಕಡೆ ತಿರುಗಿದರು.

"ಮೈಮ್ಯಾಲ ಅಂಗಿ ಐತಿ ಅನ್ನೂದು ನಿಮಗ ಹಾಕ್ಕೊಂಡ ಸ್ವಲ್ಪ ಹೊತ್ತಿಗೆ ಮರತ ಹೋಗತೈತಿ. ಈಕಿಗೆ ಮರಿಯಂಗಿಲ್ರಿ. ಹೊಲಿಗಿ, ಲೇಬಲ್, ಇಲಾಸ್ಟಿಕ್ ಎಲ್ಲಾ ದಿನಪೂರ್ತಿ ಚುಚ್ಚತಾವ. ಹಟ ಅಲ್ಲ ಇದು, ಸೆನ್ಸರಿ ತೊಂದ್ರಿ."

ಅಣ್ಣ ತಲೆ ತಗ್ಗಿಸಿದ. ನಾನು ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲ ಬಿಡಿಸಿ ಹೇಳಲು ಕುಳಿತೆ.

"ಸೆನ್ಸಾರ ಅಂದ್ರ ಸಿನಿಮಾದಾಗ ಕಟ್ ಮಾಡ್ತಾರಲ್ಲ, ಅದ ಏನೋ?"

"ಸೆನ್ಸಾರ ಅಲ್ಲವಾ, ಸೆನ್ಸರಿ..." ಅನ್ನುವಷ್ಟರಲ್ಲಿ ಅವ್ವ ಕತ್ತರಿ ತಂದು ಕಾಲರಿನ ಲೇಬಲ್ಲನ್ನು ಕಚಕ್ ಎನಿಸಿಬಿಟ್ಟಳು. ಅರ್ಧ ಇರುವೆ ಅಲ್ಲೇ ಸತ್ತವು! ಇನ್ನರ್ಧ ಉಳಿದವು. ಹಪ್ಪಳದಂತೆ ಸೆಟೆದ ಆ ಹೊಸ ಪಾಲಿಸ್ಟರಿಗೆ ಅವ್ವನ ಕತ್ತರಿಯಾದರೂ ಏನು ಮಾಡೀತು?

ಹಳೆಯ ಕಾಟನ್ ಫ್ರಾಕು ಹಾಕಿ ಕಳಿಸಿದೆವು. ಶಾಲೆಯವರು ವಾಪಸ್ ಕಳಿಸಿದರು. ಮೊದಲು ಯೂನಿಫಾರ್ಮ್, ಆಮೇಲೆ ಶಾಲೆ.

ಇಲ್ಲಿ ಒಂದು ಮಾತು ಹೇಳಬೇಕು. ಶಾಲೆ ಅಂದರೆ ಈ ಹುಡುಗಿಗೆ ಪ್ರಾಣ. ಮನೆಯಲ್ಲಿ ಕುಳಿತ ದಿನಗಳಲ್ಲಿ ತಂಬಿಗೆ, ವಾಟಗಾಗಳನ್ನು ಸಾಲಾಗಿ ಕೂರಿಸಿ ಹಾಜರಿ ಕೂಗುತ್ತಿದ್ದಳು. ಸ್ಕೂಲ್ ಆಟೋ ಬರುವ ಹೊತ್ತಿಗೆ ಬ್ಯಾಗು ಹಾಕಿಕೊಂಡು ಕಟ್ಟೆಯ ಮೇಲೆ ಹಾಜರ್. ಆಟೋದ ಮಾಬುಸಾಬ ಅವಳ ಕಡೆ ನೋಡದೆ ಗಾಡಿ ಮುಂದೆ ಬಿಡುತ್ತಿದ್ದ. ಪಾಪ, ಅವನಿಗೂ ಸಂಕಟ. "ನಾ ಸಾಲಿ ಒಲ್ಲೆ ಅಂದಿಲ್ಲ ಕಾಕಾ. ಅರಿವಿ ಅಷ್ಟ ಒಲ್ಲೆ" ಅಂದಳು ಒಂದು ದಿನ.

ನನ್ನ ಸಿಟ್ಟು ನಮ್ಮ ಓಣಿಗೆಲ್ಲ ಗೊತ್ತು. ಮೂಗಿನ ತುದಿಯಲ್ಲೇ ಅದರ ವಾಸ. ನೆಟ್ಟಗೆ ಶಾಲೆಗೆ ಹೋದೆ.

ಹೆಡ್ ಮೇಡಂ ಮೈಸೂರು ಕಡೆಯವರು. ಜಗಳಕ್ಕೆ ಹೋದವನಿಗೆ ಮೊದಲು ಕುರ್ಚಿ ಕೊಟ್ಟು, ಆಮೇಲೆ ಚಹಾ ಕೊಟ್ಟರು. ಇನ್ನು ಹೇಗೆ ಜಗಳವಾಡುವುದು ಹೇಳಿ?

"ನಿಮ್ಮ ಕಷ್ಟ ಅರ್ಥ ಆಗತ್ತೆ ಸರ್. ಆದ್ರೆ ಒಬ್ಬರಿಗೆ ಬಿಟ್ರೆ ಉಳಿದ ಪಾಲಕರು ನನ್ನನ್ನ ಸುಮ್ನೆ ಬಿಡ್ತಾರಾ? ಒಂದು ಕೆಲಸ ಮಾಡೋಣ. ಶನಿವಾರ ಪಾಲಕರಿಗೆ ಒಂದು ಅರಿವು ಕಾರ್ಯಕ್ರಮ ಇಡ್ತೀನಿ. ನೀವೇ ಬಂದು ಮಾತಾಡಿ. ಅವರು ಒಪ್ಪಿದ್ರೆ ನಂದೇನೂ ಇಲ್ಲ."

ನಾನು ಉಬ್ಬಿಹೋದೆ. ರಾತ್ರಿಯಿಡೀ ಲ್ಯಾಪ್‌ಟಾಪ್ ಮುಂದೆ ಕುಳಿತು ಪಿಪಿಟಿ ಮಾಡಿದೆ. ಚರ್ಮದ ಚಿತ್ರ, ಮಿದುಳಿನ ಚಿತ್ರ, ಬಾಣದ ಗುರುತುಗಳು. ಪಾಲಕರಿಗೆ ಸುದ್ದಿ ಮುಟ್ಟಿಸುವ ಕೆಲಸ ಮೇಡಂ ಮಾಬುಸಾಬನಿಗೆ ಕೊಟ್ಟಿದ್ದರು. ಅವನು ಮನೆಮನೆ ಮುಂದೆ ಆಟೋ ನಿಲ್ಲಿಸಿ ಸಾರಿದ: "ಶನಿವಾರ ಸಾಲ್ಯಾಗ ಅರಿವಿ ಕಾರ್ಯಕ್ರಮ ಐತ್ರೀ! ಎಲ್ಲಾರೂ ಬರಬೇಕಂತ ನೋಡ್ರಿ!"

ಅವನದೇನು ತಪ್ಪು? ಮನೆಮನೆಯಲ್ಲೂ ಮಗ್ಗದ ಮಾತೇ ಆಡುವ ಊರಿನಲ್ಲಿ ಹುಟ್ಟಿದವನ ಕಿವಿಗೆ 'ಅರಿವು' ಬಿದ್ದರೆ ಅದು 'ಅರಿವಿ' ಆಗದೆ ಇನ್ನೇನಾದೀತು?

ಶನಿವಾರ ಹಾಲ್ ಭರ್ತಿ. ಆಯಿ, ಅವ್ವ, ಅತ್ತಿ, ಚಿಗವ್ವ, ಎಲ್ಲರೂ ಬಂದಿದ್ದಾರೆ. ಬಹಳ ಜನರ ಕಂಕುಳಲ್ಲಿ ಒಂದೊಂದು ಗಂಟು! ಹೊಳೆ ಬಂದು ಮನೆ ಕಳೆದುಕೊಂಡವರಿಗೆ ಹಳೆಯ ಬಟ್ಟೆ ಕೂಡಿಸುತ್ತಾರೆಂದು ಕೆಲವರು ತಿಳಿದಿದ್ದರು. ಇನ್ನು ಕೆಲವರು ಡಿಸ್ಕೌಂಟ್ ಸೇಲ್ ಅಂದುಕೊಂಡು ಖಾಲಿ ಚೀಲ ಹಿಡಿದು ಬಂದಿದ್ದರು. ಒಬ್ಬ ಅಜ್ಜಿ ಕೌದಿಯನ್ನೇ ಹೊತ್ತು ತಂದು, "ಇದೂ ನಡೀತೈತೇನ್ರಿ?" ಎಂದು ಕೇಳುತ್ತಿದ್ದಳು.

ಮೇಡಂ ಕಂಗಾಲು. "ಏನ್ರೀ ಇದೆಲ್ಲ?"

"ಅರಿವಿ ರೀ ಬಾಯಾರ. ನೀವ ತರಾಕ ಹೇಳಿದ್ರಲ್ಲ?"

"ಅಯ್ಯೋ, ನಾನು ಹೇಳಿದ್ದು ಅರಿವು! ಅದು ಮನಸ್ಸಲ್ಲಿ ಇರಬೇಕಾದ್ದು."

"ಮನಸಿನ್ಯಾಗ ಇಟ್ಟಿದ್ದು ಹೆಂಗ ತೋರಸೂದ್ರಿ? ಗಂಟಿನ್ಯಾಗ ತಂದೀವಿ, ನೋಡ್ರಿ."

ಹಾಲ್‌ಗೆ ಹಾಲೇ ನಕ್ಕಿತು. ಮೇಡಂ ಕೂಡ. ಅದೇ ಹೊತ್ತಿಗೆ ಕರೆಂಟು ಹೋಯಿತು. ನನ್ನ ಪಿಪಿಟಿ ಹೊಟ್ಟೆಯಲ್ಲೇ ಸತ್ತಿತು. (ನಿಜ ಹೇಳಲೇ? ಯಾರೊಬ್ಬರೂ ಅದರ ಬಗ್ಗೆ ಕೇಳಲೇ ಇಲ್ಲ.)

ಈ ಗದ್ದಲದಲ್ಲಿ ಸೃಷ್ಟಿ ವೈನಿಯ ಕೈ ಬಿಡಿಸಿಕೊಂಡು ಗಂಟುಗಳ ನಡುವೆ ಇಳಿದಿದ್ದಳು. ಒಂದೊಂದೇ ಬಟ್ಟೆ ಎತ್ತುವುದು, ಕೆನ್ನೆಗೆ ಒತ್ತಿಕೊಳ್ಳುವುದು, ಮುಖ ಕಿವುಚಿ ಇಡುವುದು. ಸೀರೆ ಅಂಗಡಿಯಲ್ಲಿ ನಮ್ಮ ಹೆಂಗಸರು ಮಾಡುವುದೂ ಇದನ್ನೇ ಅಲ್ಲವೇ? ಒಂದು ಗಂಟಿನ ಹತ್ತಿರ ಅವಳ ಕೈ ನಿಂತಿತು. ಒಂದು ಬಟ್ಟೆ ಎಳೆದಳು. ಕೆನ್ನೆಗೆ ಒತ್ತಿಕೊಂಡಳು. ಬಿಡಲಿಲ್ಲ.

ಇದೇ ಶಾಲೆಯ ಹಳೆಯ ಯೂನಿಫಾರ್ಮು! ನೀಲಿ ಬಣ್ಣ ಮಾಸಿ ಆಕಾಶದ ಬಣ್ಣಕ್ಕೆ ಬಂದಿತ್ತು.

ಗಂಟಿನ ಒಡತಿ ರೇಣವ್ವನಿಗೆ ನಾಚಿಕೆ. "ಅಯ್ಯ, ಅದು ನಮ್ಮ ಹಿರೇಕಿದ್ರಿ. ಆಮ್ಯಾಲ ಸಣ್ಣಾಕಿ ಹಾಕ್ಕೊಂಡ್ಲು. ಒಗದು ಒಗದು ಮೆತ್ತಗಾಗೈತಿ."

ಸೃಷ್ಟಿ ಆಗಲೇ ಅದನ್ನು ಫ್ರಾಕಿನ ಮೇಲೆಯೇ ಹಾಕಿಕೊಂಡಾಗಿತ್ತು. ನಾನು ಕೇಳಿದೆ: "ಇರಿವಿ ಅದಾವೇನವಾ?"

ಹುಡುಗಿ ತೋಳು ಎತ್ತಿದಳು, ಇಳಿಸಿದಳು, ಕತ್ತು ತಿರುಗಿಸಿದಳು. "ಹೋದೂ."

"ಎಲ್ಲಿಗೆ?"

"ತಮ್ಮ ಮನಿಗೆ."

ವೈನಿ ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ, ಕರ್ಚೀಫಿನಿಂದ.

ಈಗ ನಮ್ಮವ್ವ ಬಾಯಿ ತೆರೆದಳು. "ಬಾಯಾರ, ನಿಮ್ಮ ಕಡೆ ಹುಟ್ಟಿದ ಕೂಸಿಗೆ ಮೊದಲ ಏನ ಹಾಕ್ತೀರಿ?"

"ಹಳೇ ಸೀರೆ, ಹಳೇ ಪಂಚೆ... ಹೊಸದು ಹಾಕಲ್ಲ."

"ನಮ್ಮ ಕಡೇನೂ ಹಂಗರಿ. ಮೆತ್ತನ ಹಳೇ ಅರಿವ್ಯಾಗ ಸುತ್ತತೀವಿ. ಈಕಿ ಮೈ ಇನ್ನಾ ಕೂಸಿನ ಮೈ ಐತಿ ಅಂತ ತಿಳಕೋರಿ."

ಹಿಂದಿನ ಸಾಲಿನಿಂದ ಒಬ್ಬ ತಾಯಿ ಮೆಲ್ಲಗೆ ಅಂದಳು: "ನಮ್ಮ ಹುಡುಗ ಸಾಕ್ಸ್ ಅಂದ್ರ ಉಳ್ಳ್ಯಾಡಿ ಅಳತಾನ್ರಿ. ಸೊಕ್ಕು ಅಂತ ತಿಳದು ದಿನಾ ಬಡೀತಿದ್ದೆ." ಪಕ್ಕದವಳು ಅವಳ ಬೆನ್ನು ಸವರಿದಳು. ನನ್ನ ಬಾಣದ ಗುರುತುಗಳೆಲ್ಲ ಸೇರಿ ಹೇಳಬೇಕಿದ್ದ ಮಾತನ್ನು ಅವಳೊಬ್ಬಳೇ ಹೇಳಿಬಿಟ್ಟಳು.

ಮೇಡಂ ತಮ್ಮ ಕೊರಳಿನ ಐಡಿ ಕಾರ್ಡಿನ ದಾರ ತೆಗೆದು ಬ್ಯಾಗಿಗೆ ತುರುಕಿದರು. "ಎಷ್ಟು ವರ್ಷದಿಂದ ಇದು ಕುತ್ತಿಗೆ ಕೆರೆಯುತ್ತೆ ಗೊತ್ತಾ? ಎಲ್ಲರೂ ಹಾಕ್ತಾರೆ ಅಂತ ನಾನೂ ಹಾಕ್ಕೊಂಡಿದ್ದೆ. ಸೃಷ್ಟಿ ಇದೇ ಅಂಗೀಲಿ ಬರಲಿ. ಟೈ, ಸಾಕ್ಸು ಆಗದ ಮಕ್ಕಳಿಗೆ ಬೇಡ. ಯಾರದಾದ್ರೂ ತಕರಾರಿದೆಯಾ?"

"ಏನೂ ಇಲ್ರೀ!" ಎಂದರು ಎಲ್ಲರೂ. ಗಂಟುಗಳಲ್ಲಿದ್ದ ಹಳೆಯ ಯೂನಿಫಾರ್ಮುಗಳೆಲ್ಲ ಶಾಲೆಯ ಕಪಾಟು ಸೇರಿದವು. ಬೇಕಾದ ಮಗು ಬಂದು ಕೆನ್ನೆಗೆ ಒತ್ತಿ ನೋಡಿ ಆರಿಸಿಕೊಳ್ಳಬಹುದು. ಖಾಲಿ ಚೀಲ ತಂದಿದ್ದವರು ಬೈದುಕೊಳ್ಳುತ್ತ ಹೋದರು, ಅದು ಬೇರೆ ಮಾತು.

ಸೋಮವಾರ ಮಾಬುಸಾಬ ನಮ್ಮ ಮನೆ ಮುಂದೆ ಬೇಕಂತಲೇ ಉದ್ದಕ್ಕೆ ಹಾರ್ನ್ ಹೊಡೆದ. ಸೃಷ್ಟಿ ಜಿಗಿದು ಹತ್ತಿದಳು. ಕಾಕಾನಿಗೆ ಟಾಟಾ ಕೂಡ ಮಾಡಲಿಲ್ಲ, ಸೊಕ್ಕಿನಾಕಿ! ಅವತ್ತು ಇಡೀ ದಿನ ನಮ್ಮ ತಂಬಿಗೆ, ವಾಟಗಾಗಳಿಗೆ ರಜೆ.

ಅಲ್ಲ ಸ್ವಾಮಿ, ಯೂನಿಫಾರ್ಮ್ ಹೊಲಿಸುವಾಗ ಮಗುವಿನ ಕೊರಳು, ತೋಳು, ಎದೆ ಎಲ್ಲ ಟೇಪು ಹಿಡಿದು ಅಳೆಯುತ್ತೇವೆ, "ಚುಚ್ಚತೈತೇನವಾ?" ಅಂತ ಒಂದು ಮಾತು ಕೇಳಲು ನಮಗೇನು ಧಾಡಿ?