ತುಂಡಿನ ವಹಿಗೆ ಏರದ ಬಟ್ಟೆ

ತುಂಡಿನ ವಹಿಯನ್ನು, ಅಂದರೆ ಕತ್ತರಿಸಿ ಉಳಿದ ಬಟ್ಟೆಯ ಲೆಕ್ಕದ ಪುಸ್ತಕವನ್ನು, ಹುಟ್ಟಿಸಿದವಳು ನಾನೇ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಗ ಮಾತ್ರ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ದೊಡ್ಡ ಯುದ್ಧ ನಡೆದಿದ್ದ ಕಾಲ ಅದು. ಕೊಪ್ಪಳದಲ್ಲಿ ನಮ್ಮ ಮಾವನವರದು ಬಟ್ಟೆಯ ಅಂಗಡಿ, ಹಿಂದೆಯೇ ಮನೆ. ಬಟ್ಟೆಗೆ ಪರ್ಮಿಟ್ಟು ಬಂದಿತ್ತು. ಕಚೇರಿಯ ಚೀಟಿ ತಂದವರಿಗಷ್ಟೇ, ಅದರಲ್ಲಿ ಬರೆದಷ್ಟೇ ಗಜ ಕೊಡಬೇಕು. ಇಡೀ ಸುರುಳಿಯ ಥಾನು ಕತ್ತರಿಸಿ ಉಳಿದ ತುಂಡುಗಳಿಗೂ ಲೆಕ್ಕ ತೋರಿಸಬೇಕು. ನಮ್ಮಲ್ಲಿ ತುಂಡುಗಳೆಲ್ಲ ಒಂದು ಟ್ರಂಕಿನಲ್ಲಿ ಬಿದ್ದಿರುತ್ತಿದ್ದವು. ಯಾವುದು ಯಾವ ಥಾನಿನದೋ ದೇವರೇ ಬಲ್ಲ. ತಪಾಸಣೆಯ ಸಾಹೇಬ ಬಂದನೆಂದರೆ ಮಾವನವರು ಚಳಿಗಾಲದಲ್ಲೂ ಬೆವರುತ್ತಿದ್ದರು.

ನಾನು ಕುಷ್ಟಗಿಯಲ್ಲಿ ಐಗಳ ಸಾಲೆಯಲ್ಲಿ ನಾಲ್ಕು ವರ್ಷ ಕಲಿತವಳು. ಬಾಯಿ ಬಿರುಸು, ಲೆಕ್ಕ ಅದಕ್ಕಿಂತ ಬಿರುಸು. ಉದ್ದನೆಯ ವಹಿಯೊಂದನ್ನು ತರಿಸಿ ಅಡ್ಡಗೆರೆ, ಉದ್ದಗೆರೆ ಎಳೆದು ಚೌಕಗಳನ್ನು ಮಾಡಿದೆ. ಥಾನಿಗೊಂದು ಸಾಲು. ಬಂದದ್ದೆಷ್ಟು, ಚೀಟಿಗೆ ಕೊಟ್ಟದ್ದೆಷ್ಟು, ಉಳಿಯಬೇಕಾದದ್ದೆಷ್ಟು, ಟ್ರಂಕಿನಲ್ಲಿ ಇರುವುದೆಷ್ಟು. ಮಾವನವರು ಕನ್ನಡಕ ಏರಿಸಿ ನೋಡಿ, "ನಮ್ಮ ಸೊಸಿ ದಿವಾನಗಿರಿ ನಡಸ್ಯಾಳ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸಿದರು.

ಅಂಗಡಿಯಲ್ಲಿ ಕತ್ತರಿ ಹಿಡಿಯುತ್ತಿದ್ದವನು ನವಲಿ ಕಡೆಯ ಒಬ್ಬ ಮುದುಕ. ಮಾವನವರ ಮದುವೆಗೂ ಮುಂಚಿನಿಂದ ಅಲ್ಲಿದ್ದ. ಮನೆಮಂದಿಗೆಲ್ಲ ಕಾಕಾ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಕಾಕಾನ ಕೈ ಒಂದು ನೂಲು ಆಚೆ ಈಚೆ ಆಗುವುದಿಲ್ಲ ಎಂಬ ಹೆಸರೊಂದೇ ಅವನ ಆಸ್ತಿ.

ಮೂರು ತಿಂಗಳ ವಹಿಯನ್ನು ಒಂದು ದಿನ ಕೂಡಿಸಿ ಕಳೆದು ನೋಡಿದೆ. ಸೀರೆ, ಖಣ, ಬಣ್ಣದ ಬಟ್ಟೆ ಎಲ್ಲ ಸರಿಯಾಗಿತ್ತು. ಬಿಳಿ ಬಟ್ಟೆ ಮಾತ್ರ ಥಾನು ಥಾನಿಗೂ ಕಡಿಮೆ. ಒಂದರಲ್ಲಿ ಐದು ಗಜ, ಇನ್ನೊಂದರಲ್ಲಿ ಐದು, ಮತ್ತೊಂದರಲ್ಲಿ ಎರಡು. ಟ್ರಂಕು ಬರಿದು ಮಾಡಿ ಒಂದೊಂದು ತುಂಡನ್ನೂ ಮತ್ತೆ ಅಳೆದೆ. ಅಯ್ಯ ಶಿವನೇ, ಕಳ್ಳ ನಮ್ಮ ಗಾದಿಯ ಮೇಲೆಯೇ ಕೂತಿದ್ದಾನೆ!

ಸೊಸೆಯಾದವಳು ಹಗಲು ಹೊತ್ತಿನಲ್ಲಿ ಅಂಗಡಿಗೆ ಕಾಲಿಡುವಂತಿರಲಿಲ್ಲ. ನಾನು ಸೆರಗು ಎಳೆದುಕೊಂಡು, ವಹಿ ಹಿಡಿದು, ನೆಟ್ಟಗೆ ಗಿರಾಕಿಗಳ ನಡುವೆಯೇ ಹೋಗಿ ನಿಂತೆ. ಮಾವನವರು ಗಾಬರಿಯಿಂದ ಎದ್ದರು.

"ಬಿಳಿ ಬಟ್ಟಿ ಎಲ್ಲಿ ಹೋತು ಕಾಕಾ?" ಎಂದೆ.

ಅವನು ಕತ್ತರಿ ಕೆಳಗಿಟ್ಟ. ತಲೆ ಎತ್ತಲಿಲ್ಲ.

"ಬಾಯಿಗೆ ಬೀಗ ಹಾಕ್ಕೊಂಡ್ರ ಆತೇನು? ಹೇಳು ಮತ್ತ!"

"ಕೊಟ್ಟಾವ ನಾನಽ ತಂಗಿ. ಯಾರಿಗೆ ಅಂತ ಕೇಳಬ್ಯಾಡ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಕಂಡಿದ್ದೆ. ಇವನು ನೇರವಾಗಿ ಒಪ್ಪಿಕೊಂಡೇಬಿಟ್ಟಿದ್ದ! ನನಗೆ ಮೈಯೆಲ್ಲ ಉರಿಯಿತು. "ಉಂಡ ಮನಿ ಜಂತಿ ಎಣಿಸಿದೇನೋ ಮುದುಕಾ" ಎಂದು ಕೂಗಿದೆ. ಓಣಿಯ ತುದಿಯವರೆಗೂ ಕೇಳಿಸಿರಬೇಕು. ಅವನು ರುಮಾಲು ಸುತ್ತಿಕೊಂಡು, ಯಾರ ಮುಖವನ್ನೂ ನೋಡದೆ ಇಳಿದು ಹೋದ. ಆ ದಿನ ಮಾವನವರು ಊಟಕ್ಕೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ನಮಗೆ ಮಜ್ಜಿಗೆ ಮಾರುವ ಹೆಂಗಸು ಬಂದಳು. ಗಡಿಗೆ ಇಳಿಸಲಿಲ್ಲ. ನಿಂತೇ ನನ್ನನ್ನು ಬೈಯತೊಡಗಿದಳು.

"ನಿಮ್ಮ ನಾಲಿಗಿಗಿಷ್ಟು ಬೆಂಕಿ ಹಾಕ್ರಿ! ನನ್ನ ಗಂಡ ಸತ್ತು ಅಂಗಳದಾಗ ಮಲಗಿದ್ದ. ಕಚೇರಿಗೆ ಎರಡು ದಿನ ಸೂಟಿ. ಚೀಟಿ ಬರೂತನಕ ಹೆಣ ಕಾಯತೈತೇನ್ರಿ? ಆ ಮುತ್ಯಾ ಕತ್ತರಿ ಹಚ್ಚಲಿಲ್ಲ, ಅಳೀಲಿಲ್ಲ, ಕೈಲೇ ಹರದು ಕೊಟ್ಟ. ನನಗೊಬ್ಬಾಕಿಗೆ ಅಲ್ಲ, ಎಷ್ಟೋ ಮಂದಿಗೆ ಕೊಟ್ಟಾನ."

ನಾನು ಅತ್ತೆಯ ಕಡೆ ನೋಡಿದೆ. ಅವರ ಮುಖ ಬಿಳಿಚಿತ್ತು. "ಹೆಣದ ಬಟ್ಟಿ ವಹಿಗೆ ಏರಿಸಬಾರದವ್ವಾ" ಎಂದರು. "ಏರಿಸಿದ್ರ ಅದು ಅಂಗಡಿ ಮನಿಯಿಂದನ ಇನ್ನೊಂದು ಸಾಲು, ಇನ್ನೊಂದು ಹೆಣ ಬೇಡತೈತಿ ಅಂತಾರ. ಅಂಗಡಿಯಾವ್ರು ಅದನ್ನ ಬಾಯಿಲೆ ಸುದ್ದಾ ಆಡೂದಿಲ್ಲ."

ನನ್ನ ತವರಿನಲ್ಲಿ ಯಾರೂ ಬಟ್ಟೆ ಮಾರಿದವರಲ್ಲ. ನನಗೆ ಈ ರಿವಾಜು ಹೇಗೆ ತಿಳಿಯಬೇಕು? ಮಾವನವರಿಗೆ ರಿವಾಜು ಗೊತ್ತಿತ್ತು. ಆದರೆ ಚೀಟಿ ಇಲ್ಲದೆ ಗೇಣು ಬಟ್ಟೆ ಕೊಡಬೇಡ ಎಂದು ಅವರೇ ಹೇಳಿದ್ದರಿಂದ, ಕಾಕಾ ಮಾತು ಮೀರಿಯಾನೆಂದು ಅವರಿಗೆ ಹೊಳೆದಿರಲಿಲ್ಲ. ಆ ವರ್ಷ ಹಳ್ಳಿಹಳ್ಳಿಯಲ್ಲಿ ಜ್ವರ. ವಹಿಯನ್ನು ಮತ್ತೆ ತೆರೆದೆ. ಅಳೆಯದೆ ಹರಿದರೂ ಕಾಕಾನ ಕೈ ತಪ್ಪಿರಲಿಲ್ಲ. ಐದು ಗಜ ಎಂದರೆ ದೊಡ್ಡವರು. ಎರಡು ಗಜ ಎಂದರೆ ಕೂಸು. ಎಷ್ಟೊಂದು ಎರಡುಗಳಿದ್ದವು!

ಮಾವನವರು ಬರಿಗಾಲಲ್ಲಿ ಓಡಿ ಹೋಗಿ ಕಾಕಾನನ್ನು ಕರೆತಂದರು. ನಾನು ಅವನ ಕಾಲು ಹಿಡಿದೆ. "ಏಳು ತಂಗಿ, ಏಳು" ಎಂದ. ಅಷ್ಟರಲ್ಲಿ ಕಚೇರಿಯ ಜವಾನ ಬಂದ. ನನ್ನ ಕೂಗು ಅಲ್ಲಿಗೂ ಮುಟ್ಟಿತ್ತು. ಮಧ್ಯಾಹ್ನ ಸಾಹೇಬ ಬರುತ್ತಾನೆ, ಕಡಿಮೆ ಬಿದ್ದ ಬಟ್ಟೆಗೆ ಕಾರಣ ಬರೆದಿಡಿ ಎಂದ.

ನಿಜ ಬರೆದರೆ ಪರ್ಮಿಟ್ಟು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಚೀಟಿ ಇಲ್ಲದೆ ಬಟ್ಟೆ ಒಯ್ದವರನ್ನೆಲ್ಲ ಹುಡುಕಿ ಕಚೇರಿಗೆ ಎಳೆಯುತ್ತಾರೆ. ಮಾವನವರು ತಲೆಯ ಮೇಲೆ ಕೈ ಹೊತ್ತು ಕುಳಿತರು.

"ಕಳವು ಅಂತ ಬರಿ" ಎಂದ ಕಾಕಾ.

"ನನ್ನ ಕೈ ಸೇದಿ ಹೋಗ್ಲಿ, ನಾ ಬರ್ಯಾಂಗಿಲ್ಲ!"

"ನಿನ್ನೆ ಊರಿಗೆಲ್ಲಾ ಸಾರೀಯಲ್ಲ ತಂಗಿ. ಇವತ್ತ ಬ್ಯಾರೆ ಹೇಳಿದ್ರ ಸಾಹೇಬ ನಂಬತಾನೇನು?"

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ವಹಿಯಲ್ಲಿ ಹಾಗೆ ಬರೆದರೆ ಜೈಲು ತಪ್ಪಿದರೂ ಇನ್ನು ಗಂಗಾವತಿ, ಯಲಬುರ್ಗಾ, ಎಲ್ಲಿಯೂ ಯಾವ ಅಂಗಡಿಯೂ ಅವನ ಕೈಗೆ ಕತ್ತರಿ ಕೊಡುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಮಾವನವರು ಬೇಡ ಎನ್ನುತ್ತಾರೆಂದು ಕಾದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಬರೆದೆ.

ಕಾಕಾನಿಗೆ ಓದಲು ಬರುತ್ತಿರಲಿಲ್ಲ. "ಏನಂತ ಬರದಿ, ಓದು" ಎಂದ. ನಾನು ತುಟಿಯೊಳಗೇ ಓದಿದೆ.

"ಜೋರಾಗಿ ಓದು ತಂಗಿ, ನನಗ ಕಿವಿ ಮಂದ."

"ಕಳವು" ಎಂದು ಓದಿದೆ. "ಮಾಡಿದವನು, ಕತ್ತರಿಯ ಆಳು."

"ಬರೋಬ್ಬರಿ ಐತಿ" ಎಂದು ಕಾಕಾ ಹೆಬ್ಬೆಟ್ಟು ಒತ್ತಿದ.